ವೈಜ್ಞಾನಿಕ ಹಂಪು

ನಮ್ಮ ಪತ್ರಿಕೆಗಳಲ್ಲಿ ಕೆಲವು ಪದಗಳಿಗೆ ಒಂಟಿಯಾಗಿ ಓಡಾಡುವ ಧೈರ್ಯವಿಲ್ಲ. ನಷ್ಟ ಎಂದರೆ ತುಂಬಲಾರದ ನಷ್ಟವೇ. ಶ್ರದ್ಧಾಂಜಲಿ ಎಂದರೆ ಭಾವಪೂರ್ಣವೇ. ಹಾಗೆ ಹಂಪು ಎಂದರೆ ಅವೈಜ್ಞಾನಿಕ ಹಂಪೇ. ‘ಅವೈಜ್ಞಾನಿಕ ಹಂಪು: ಸವಾರರ ಪರದಾಟ’ ಎಂಬ ಸುದ್ದಿಯನ್ನು ಜಿಲ್ಲಾ ಪುಟದಲ್ಲಿ ಓದದೆ ಕಾಫಿ ಮುಗಿಸಿದ ಕನ್ನಡಿಗ ಇರಲಾರ. ಊರು ಮಾತ್ರ ಬದಲಾಗುತ್ತದೆ. ಇವತ್ತು ತಿಪಟೂರು, ನಾಳೆ ಶಿರಸಿ, ನಾಡಿದ್ದು ಗಂಗಾವತಿ. ಚಿತ್ರದಲ್ಲಿ ಒಂದು ಬೈಕು, ಒಂದು ಗುಡ್ಡ, ಗುಡ್ಡದ ಕಡೆ ಬೆರಳು ತೋರಿಸುತ್ತಿರುವ ನಾಲ್ಕು ಜನ.

ಇದನ್ನು ಓದಿ ಓದಿ ನನ್ನ ತಲೆಗೊಂದು ಹುಳ ಹೊಕ್ಕಿತು. ನಾಡಿನ ತುಂಬ ಇಷ್ಟೊಂದು ಅವೈಜ್ಞಾನಿಕ ಹಂಪುಗಳಿರುವಾಗ ವೈಜ್ಞಾನಿಕವಾದದ್ದು ಎಲ್ಲಾದರೂ ಒಂದಿರಲೇಬೇಕಲ್ಲ? ಅದು ಹೇಗಿರುತ್ತದೆ? ಅದರ ಮೇಲೆ ಹೋದವನಿಗೆ ಏನನ್ನಿಸುತ್ತದೆ?

ನಾನು ಬೆಂಗಳೂರಿನ ಒಂದು ಬಡಾವಣೆಯಲ್ಲಿ ಕಾರು ಓಡಿಸಿಕೊಂಡಿರುವವನು. ಓಡಿಸುವುದು ಎಂದರೆ ಅತಿಶಯೋಕ್ತಿಯಾಯಿತು. ನಮ್ಮಲ್ಲಿ ಕಾರು ಓಡುವುದಿಲ್ಲ, ಹತ್ತುತ್ತದೆ, ಇಳಿಯುತ್ತದೆ. ಮನೆಯ ಗೇಟಿನಿಂದ ಮುಖ್ಯರಸ್ತೆಗೆ ಅರ್ಧ ಕಿಲೋಮೀಟರೂ ಇಲ್ಲ. ಅಷ್ಟರೊಳಗೆ ಮೂರನೇ ಗೇರಿನ ಮುಖ ನೋಡಿದ ಪುಣ್ಯಾತ್ಮರು ನಮ್ಮ ಅಡ್ಡರಸ್ತೆಯಲ್ಲಿ ಯಾರೂ ಇಲ್ಲ. ಮೊದಲನೆಯ ಹಂಪು ದೇವಸ್ಥಾನದ್ದು. ದೇವಸ್ಥಾನಕ್ಕೆ ಸಿಕ್ಕಿತು ನಮಗೇಕೆ ಇಲ್ಲ ಎಂದು ಎದುರಿನ ನರ್ಸರಿ ಶಾಲೆಯವರು ಹಾಕಿಸಿಕೊಂಡದ್ದು ಎರಡನೆಯದು. ಮೂರನೆಯದು ಒಬ್ಬ ಮಾಜಿಯವರು ಹಾಲಿಯಾಗಿದ್ದಾಗ ಅವರ ಮನೆಯ ಮುಂದೆ ಎದ್ದದ್ದು. ಅವರು ಆಮೇಲೆ ಸೋತರು, ಮನೆ ಮಾರಿದರು, ಊರಾಚೆಯ ವಿಲ್ಲಾ ಸೇರಿಕೊಂಡರು. ಹಂಪು ಮಾತ್ರ ಹಾಲಿಯಾಗಿಯೇ ಉಳಿದಿದೆ. ನಾಲ್ಕನೆಯದನ್ನು ಯಾರೂ ಹಾಕಿಸಲಿಲ್ಲ. ನೀರಿನ ಪೈಪಿಗೆಂದು ಯಾರೋ ರಸ್ತೆಗೆ ಅಡ್ಡ ಅಗೆದರು, ಮಣ್ಣು ಎಳೆದರು, ಮೇಲೆ ಒಂದಿಷ್ಟು ಕಾಂಕ್ರೀಟು ಸುರಿದು ಹೋದರು. ಮಣ್ಣು ಕುಸಿಯಿತು, ಕಾಂಕ್ರೀಟು ಕುಸಿಯಲಿಲ್ಲ. ಇದಕ್ಕೆ ನಾವು ಉದ್ಭವ ಹಂಪು ಎನ್ನುತ್ತೇವೆ. ಅಲ್ಲಿಂದಾಚೆಗಿನ ವಂಶಾವಳಿ ನನಗೂ ಸರಿಯಾಗಿ ತಿಳಿಯದು.

ಹುಳದ ಸಂಗತಿಯನ್ನು ನಾನು ರಾಯರ ಕಿವಿಗೆ ಹಾಕಬಾರದಿತ್ತೇನೋ. ರಾಯರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆಗಳನ್ನು ಮಾಡಿಸಿ ನಿವೃತ್ತರಾದವರು. ನಿವೃತ್ತಿಯ ನಂತರವೂ ಅವರ ಅಂಗಿಯ ಜೇಬಿನಿಂದ ಅಳತೆ ಟೇಪು ನಿವೃತ್ತವಾಗಿಲ್ಲ.

“ಯಾಕಿಲ್ಲ? ಐಆರ್‌ಸಿ ತೊಂಬತ್ತೊಂಬತ್ತು ಇದೆಯಲ್ಲ!” ಎಂದರು, ವಿಷ್ಣುಸಹಸ್ರನಾಮದ ಮೊದಲ ಶ್ಲೋಕ ಗೊತ್ತಿಲ್ಲದವನನ್ನು ನೋಡುವಂತೆ ನನ್ನನ್ನು ನೋಡುತ್ತ.

ಐಆರ್‌ಸಿ ಎಂದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಕಾಂಗ್ರೆಸ್ಸು ಎಂದಾಕ್ಷಣ ಯಾವ ಬಣ ಎಂದು ಕೇಳಬೇಡಿ. ಇದು 1934ರಲ್ಲಿ ಹುಟ್ಟಿದ, ರಸ್ತೆ ಕಟ್ಟುವ ಎಂಜಿನಿಯರುಗಳ ಸಂಸ್ಥೆ. ರಸ್ತೆಗೆ ಸಂಬಂಧಿಸಿದ ಸಕಲಕ್ಕೂ ಅವರಲ್ಲಿ ಒಂದೊಂದು ನಂಬರಿನ ಗ್ರಂಥವಿದೆ. ಹಂಪಿನದು 99ನೇ ನಂಬರು. 1988ರಲ್ಲಿ ಮೊದಲು ಬಂತು, 2018ರಲ್ಲಿ ಪರಿಷ್ಕೃತವಾಯಿತು. ಅದರ ಸಾರವನ್ನು ರಾಯರು ಜಗಲಿಯ ಮೇಲೆ ಕೂತು ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. 17 ಮೀಟರ್ ತ್ರಿಜ್ಯದ ಒಂದು ದೊಡ್ಡ ವೃತ್ತ ಊಹಿಸಿಕೊಳ್ಳಬೇಕು. ಅದರ ನೆತ್ತಿಯನ್ನಷ್ಟೇ ತೆಳ್ಳಗೆ ಕೊಯ್ದು ತಂದು ರಸ್ತೆಯ ಮೇಲೆ ಮಲಗಿಸಬೇಕು. ಆಗ ಅದರ ಅಗಲ 3.7 ಮೀಟರು, ನಡುಮಧ್ಯದ ಎತ್ತರ 10 ಸೆಂಟಿಮೀಟರು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದವನಿಗೆ ಇದರಿಂದ ತೊಂದರೆಯಾಗಬಾರದು. ಅದಕ್ಕಿಂತ ಜೋರಾಗಿ ಬಂದವನಿಗೆ ಆಗಬೇಕು. ಕಪ್ಪು ಬಿಳಿ ಪಟ್ಟೆ ಬಳಿಯಬೇಕು. 40 ಮೀಟರ್ ಮೊದಲೇ ಫಲಕ ನಿಲ್ಲಿಸಬೇಕು. ಒಂದರ ಹಿಂದೊಂದು ಹಾಕುವುದಾದರೆ ನಡುವೆ 100ರಿಂದ 120 ಮೀಟರ್ ಅಂತರ ಬಿಡಬೇಕು.

“ಸುಲಭವಾಗಿ ಹೇಳ್ತೀನಿ ಕೇಳಿ,” ಎಂದರು ರಾಯರು. “ಐಆರ್‌ಸಿಯವರು ಹೇಳೋದು ಒಬ್ಬಟ್ಟು. ನಮ್ಮೋರು ಹಾಕೋದು ಬೋಂಡ.”

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಟೇಪು ಹಿಡಿದು ಹೊರಟೆವು. ದೇವಸ್ಥಾನದ ಹಂಪು: ಎತ್ತರ ಏಳು ಅಂಗುಲ, ಅಗಲ ಎರಡೇ ಅಡಿ. ರಾಯರು ಕನ್ನಡಕ ಏರಿಸಿ ನೋಡಿ, “ಇದು ಹಂಪಲ್ಲ ಕಣ್ರೀ, ಕಟ್ಟೆ. ಒಂದು ಅರಳಿ ಸಸಿ ನೆಟ್ಟುಬಿಡಿ,” ಎಂದರು. ಶಾಲೆಯದು ಅದಕ್ಕಿಂತ ಒಂದಂಗುಲ ಕಡಿಮೆ, ಆದರೆ ಎರಡು ಹಂಪು ಅಕ್ಕಪಕ್ಕ ಅಂಟಿಕೊಂಡಿದ್ದವು. ಮುಂದಿನ ಚಕ್ರ ಒಂದರಿಂದ ಇಳಿಯುವಷ್ಟರಲ್ಲಿ ಇನ್ನೊಂದನ್ನು ಹತ್ತಬೇಕು. ಮಾಜಿಯವರ ಹಂಪು ಅವರ ಗೇಟಿನ ಅಗಲಕ್ಕೆ ಸರಿಯಾಗಿ ಎದ್ದು, ಪಕ್ಕದವರ ಕಾಂಪೌಂಡು ಬಂದಲ್ಲಿ ಥಟ್ಟನೆ ನಿಂತಿತ್ತು. ಎಚ್ಚರಿಕೆಯ ಫಲಕ ಒಂದಿತ್ತು. ಅದು ನಿಂತಿದ್ದದ್ದು ಹಂಪು ದಾಟಿದ ಮೇಲೆ. ಆಗಿಹೋದದ್ದೇನೆಂದು ಸವಾರನಿಗೆ ತಿಳಿಸಲು. ಉದ್ಭವ ಹಂಪಿನ ಮುಂದೆ ರಾಯರು ಟೇಪು ಬಿಚ್ಚಲೇ ಇಲ್ಲ. “ಇದಕ್ಕೆ ಅಳತೆ ಇಲ್ಲ, ಮಹಿಮೆ ಇದೆ,” ಎಂದರು.

ಬೆಂಗಳೂರಿನಲ್ಲಿ ಇಬ್ಬರು ವಯಸ್ಕರು ಟೇಪು ಹಿಡಿದು ರಸ್ತೆ ಅಳೆಯತೊಡಗಿದರೆ ಅವರನ್ನು ಯಾರೂ ಸಾಮಾನ್ಯರೆಂದು ನಂಬುವುದಿಲ್ಲ. ಹಾಲಿನ ಪ್ಯಾಕೆಟ್ಟು ಹಿಡಿದಿದ್ದ ಒಬ್ಬ ಗೃಹಿಣಿ ಮೊದಲು ಬಂದರು.

“ಹೊಸ ಹಂಪ್ ಹಾಕ್ತಿದೀರಾ ಸಾರ್? ನಮ್ಮ ಗೇಟ್ ಮುಂದೇನೇ ಹಾಕ್ಬಿಡಿ. ಹುಡುಗ್ರು ಬೈಕಲ್ಲಿ ಸೊಯ್ಯಂತ ಹೋಗ್ತಾರೆ. ಕಾಫಿ ಕುಡೀತೀರಾ?”

ಕಾಫಿ ಬರುವಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ಬನಿಯನ್ನಿನಲ್ಲೇ ಓಡಿಬಂದರು. “ಬೇಡ ಬೇಡ! ಇರೋದನ್ನೇ ಮೊದಲು ತೆಗೀರಿ ಸ್ವಾಮಿ. ರಾತ್ರಿ ಎರಡು ಗಂಟೆಗೆ ನೀರಿನ ಟ್ಯಾಂಕರ್ ಹಾರಿದ್ರೆ ದೇವರಮನೆ ಗಂಟೆ ತಾನಾಗೇ ಬಾರಿಸುತ್ತೆ. ನಮ್ಮ ತಾಯಿ ಎದ್ದು ಕೂತು ಮಂಗಳಾರತಿಗೆ ತಟ್ಟೆ ಹುಡುಕ್ತಾರೆ!”

ಮೂಲೆಯ ಎಳನೀರಿನವನು ಮಚ್ಚು ಕೆಳಗಿಟ್ಟು ಬಂದ. ತೆಗೆಯುತ್ತಾರೆ ಎಂಬ ಸುದ್ದಿ ಅವನಿಗೆ ತಲುಪಿತ್ತು. “ಹೊಟ್ಟೆ ಮೇಲೆ ಹೊಡೀಬೇಡಿ ಬುದ್ಧಿ. ಬ್ರೇಕ್ ಹಾಕಿದ ಹತ್ತು ಜನದಲ್ಲಿ ಒಬ್ರಾದ್ರೂ ನನ್ನ ಕಡೆ ತಿರುಗ್ತಾರೆ.” ಅವನ ಮಾತು ಸುಳ್ಳಲ್ಲ. ಹಂಪಿನ ಆಜುಬಾಜಿನಲ್ಲಿ ಹೂವಿನವಳಿದ್ದಾಳೆ, ಸೀಬೆಹಣ್ಣಿನ ಗಾಡಿಯಿದೆ, ಪಂಕ್ಚರ್ ಅಂಗಡಿಯಂತೂ ಇದ್ದೇ ಇದೆ. ಕೆಲವು ಬೆಳಿಗ್ಗೆ ಹಂಪಿನಿಂದ ಹತ್ತು ಹೆಜ್ಜೆಯಾಚೆ ಮರದ ನೆರಳಿನಲ್ಲಿ ಸಂಚಾರಿ ಪೊಲೀಸರೂ ಇರುತ್ತಾರೆ. ಹೆಲ್ಮೆಟ್ಟಿಲ್ಲದವನು ಮೊದಲನೇ ಗೇರಿನಲ್ಲಿ ಎಲ್ಲಿಗೆ ಓಡಿಯಾನು?

ಇಳಿಜಾರಿನ ಕೊನೆಯ ಮನೆಯವರ ಕಥೆ ಇದೆಲ್ಲಕ್ಕಿಂತ ದೊಡ್ಡದು. ಅವರ ಮನೆಯ ಮುಂದಿನ ಹಂಪು ಬೇಸಿಗೆಯಲ್ಲಿ ಹಂಪು, ಮಳೆಗಾಲದಲ್ಲಿ ಅಣೆಕಟ್ಟು. ಬೀದಿಯ ನೀರೆಲ್ಲ ಅದಕ್ಕೆ ತಡೆದು, ತಿರುಗಿ, ಅವರ ಗೇಟಿನೊಳಗೆ ನುಗ್ಗಿ, ಸಂಪಿಗೆ ಇಳಿಯುತ್ತದೆ. ಒಂದು ರಾತ್ರಿ ಯಾರೋ ಹಾರೆಕೋಲಿನಿಂದ ಚರಂಡಿ ಪಕ್ಕದ ಮೂಲೆಯನ್ನು ಒಡೆದರಂತೆ. ಯಾರೆಂದು ಅವರಿಗೆ ಗೊತ್ತಿಲ್ಲವಂತೆ. ಹಾರೆಕೋಲು ಅವರ ಮನೆಯದೇ ಅಂತೆ. ಬೆಳಗಾಗುವಷ್ಟರಲ್ಲಿ ಆ ಒಡಕಿನಲ್ಲಿ ಮಳೆನೀರಿಗಿಂತ ಮೊದಲು ಸ್ಕೂಟರುಗಳು ಹರಿಯಲು ಶುರುವಾದವು. ಇದನ್ನು ಸಹಿಸದ ಎದುರು ಮನೆಯವರು ಒಡಕಿನಲ್ಲಿ ಒಂದು ಸೈಜುಗಲ್ಲು ನೆಟ್ಟರು. ಸ್ಕೂಟರಿನವರು ಫುಟ್‌ಪಾತಿಗೆ ಹತ್ತಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವುದು ಗಾದೆ. ಇಲ್ಲಿ ನಿಜವಾಗಿಯೂ ರಂಗೋಲಿಯಿತ್ತು. ಸ್ಕೂಟರು ಅದರ ಮೇಲೆಯೇ ಹೋಯಿತು. ಆಮೇಲಿನ ಮಾತುಕತೆಯನ್ನು ಇಲ್ಲಿ ಬರೆಯುವುದು ಸಭ್ಯವಲ್ಲ.

ಹೀಗೆ ಹಂಪು ಅಳೆಯಲು ಹೋದ ನಾವು ಬೀದಿಯ ಜಗಳಗಳ ಪಟ್ಟಿ ಹೊತ್ತು ಮನೆಗೆ ಬಂದೆವು. ಅಳತೆಗೆ ತಕ್ಕ ಹಂಪು ಒಂದೂ ಸಿಗಲಿಲ್ಲ.

ರಾಯರು ಎದೆಗುಂದಲಿಲ್ಲ. ಹಂಪಿನ ಕುಲವೇ ದೊಡ್ಡದು ಎಂದು ಅವರ ವಾದ. ಅಮೆರಿಕದ ನ್ಯೂಜೆರ್ಸಿಯ ಚಾಟಂ ಎಂಬ ಊರಿನವರು 1906ರಲ್ಲೇ, ಮೋಟಾರುಗಳ ಉಪಟಳ ತಾಳಲಾರದೆ, ಜನ ರಸ್ತೆ ದಾಟುವ ಜಾಗಗಳನ್ನು ಐದಂಗುಲ ಎತ್ತರಿಸಲು ಹೊರಟಿದ್ದರು. ಆದರೆ ಹಂಪಿಗೆ ನಿಜವಾದ ಗೌರವ ಬಂದದ್ದು 1953ರಲ್ಲಿ. ಅದನ್ನು ತಂದುಕೊಟ್ಟವರು ಆರ್ಥರ್ ಹಾಲಿ ಕಾಂಪ್ಟನ್. ಯಾವ ಕಾಂಪ್ಟನ್? ಪಿಯುಸಿ ಭೌತವಿಜ್ಞಾನದಲ್ಲಿ ನಮ್ಮ ನಿದ್ದೆ ಕೆಡಿಸಿದ ಅದೇ ಕಾಂಪ್ಟನ್ ಪರಿಣಾಮದ ಕಾಂಪ್ಟನ್. ಎಕ್ಸ್-ಕಿರಣ ಎಲೆಕ್ಟ್ರಾನಿಗೆ ಗುದ್ದಿ, ಒಂದಿಷ್ಟು ಶಕ್ತಿ ಕಳೆದುಕೊಂಡು, ಬೇರೆ ದಿಕ್ಕಿಗೆ ಹೋಗುತ್ತದೆ ಎಂದು ತೋರಿಸಿ 1927ರಲ್ಲಿ ನೊಬೆಲ್ ಹಂಚಿಕೊಂಡವರು. ಮುಂದೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಆವರಣದ ಬ್ರೂಕಿಂಗ್ಸ್ ಹಾಲ್ ಮುಂದೆ ಕಾರುಗಳು ಹಾರಿಹೋಗುವುದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಸುತ್ತೋಲೆ ಹೊರಡಿಸುವ ಬದಲು ಕೂತು ಲೆಕ್ಕ ಹಾಕಿ, ವೇಗಕ್ಕೆ ಕಡಿವಾಣ ಹಾಕುವ ಉಬ್ಬನ್ನು ವಿನ್ಯಾಸ ಮಾಡಿದರು. ಗುದ್ದಿದವನು ಶಕ್ತಿ ಕಳೆದುಕೊಂಡು ದಿಕ್ಕು ತಪ್ಪುತ್ತಾನೆ ಎಂಬ ಸಿದ್ಧಾಂತ ಹೇಗೂ ಕೈಯಲ್ಲಿತ್ತು.

ನಮ್ಮ ಸಿ.ವಿ. ರಾಮನ್ ಬೆಳಕಿನ ಚದುರುವಿಕೆಯಲ್ಲಿ ಹೊಸದೇನೋ ಇದೆ ಎಂದು ಬೆನ್ನು ಹತ್ತಿದ್ದಕ್ಕೆ ಕಾಂಪ್ಟನ್ನರ ಕೆಲಸವೂ ಒಂದು ಪ್ರೇರಣೆ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು, ಇಲ್ಲೇ ನೆಲೆಸಿದರು. ಅವರ ಹೆಸರಿನಲ್ಲಿ ಊರಿಗೆ ಒಂದು ರಸ್ತೆಯಿದೆ, ಒಂದು ನಗರವಿದೆ, ಒಂದು ಸಂಶೋಧನಾ ಸಂಸ್ಥೆಯಿದೆ. ಕಾಂಪ್ಟನ್ ಹೆಸರಿನಲ್ಲಿ ಇಲ್ಲಿ ಒಂದು ಓಣಿಯನ್ನೂ ನಾನು ಕಂಡಿಲ್ಲ. ಆದರೆ ಯಾರ ಕೃತಿ ಮನೆಮನೆಯ ಮುಂದಿದೆ ಎಂದು ನೋಡಿದರೆ ಅನ್ಯಾಯವೇನೂ ಆಗಿಲ್ಲ.

ಈಗಿನ ಒಬ್ಬಟ್ಟಿನ ಆಕಾರ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿನ ಸಾರಿಗೆ ಸಂಶೋಧನಾ ಪ್ರಯೋಗಾಲಯದ ವಾಟ್ಸ್ ಎಂಬುವವರು ಬಗೆಬಗೆಯ ಉಬ್ಬುಗಳ ಮೇಲೆ ವಾಹನ ಓಡಿಸಿ, ಕೂತವರಿಗೆ ಎಷ್ಟು ಹಿಂಸೆಯಾಗುತ್ತದೆ ಎಂದು ದಾಖಲಿಸಿ, 1973ರಲ್ಲಿ ವರದಿ ಕೊಟ್ಟರು. ಅವರು ಒಪ್ಪಿದ ಉಬ್ಬು ಹನ್ನೆರಡು ಅಡಿ ಅಗಲ, ನಾಲ್ಕು ಅಂಗುಲ ಎತ್ತರ. ನಮ್ಮ ಐಆರ್‌ಸಿಯ ಅಳತೆಯೂ ಹೆಚ್ಚುಕಡಿಮೆ ಅದೇ.

ಇದರಲ್ಲಿ ನನಗೆ ರೋಮಾಂಚನ ತಂದದ್ದು ಒಂದು ಸೂಕ್ಷ್ಮ. ಉಬ್ಬು ಅಗಲವಾಗಿದ್ದರೆ ವೇಗ ಏರಿದಂತೆ ಹಿಂಸೆಯೂ ಏರುತ್ತದೆ. ನಿಧಾನಸ್ಥನಿಗೆ ಸುಖ, ಅವಸರದವನಿಗೆ ದುಃಖ. ನ್ಯಾಯವಾಗಿದೆ. ಆದರೆ ಉಬ್ಬು ಕಿರಿದಾಗಿ, ಚೂಪಾಗಿ ಇದ್ದರೆ ಇದು ಉಲ್ಟಾ ಆಗುತ್ತದೆ. ಮೆಲ್ಲಗೆ ಬಂದ ಕಾರಿನ ಪ್ರತಿ ಚಕ್ರವೂ ಪೂರ್ತಿ ಹತ್ತಿ ಪೂರ್ತಿ ಇಳಿದು ಒಳಗಿದ್ದವರನ್ನು ಕುಲುಕುತ್ತದೆ. ಜೋರಾಗಿ ಬಂದ ಕಾರಿನಲ್ಲಿ ಚಕ್ರ ಮೇಲೆದ್ದು ಕೆಳಗಿಳಿಯುವುದು ಎಷ್ಟು ಬೇಗನೆಂದರೆ, ಅದರ ಸುದ್ದಿ ಸೀಟಿಗೆ ಮುಟ್ಟುವಷ್ಟರಲ್ಲಿ ಕಾರು ಮುಂದಿನ ಬೀದಿಯಲ್ಲಿರುತ್ತದೆ. ಏಟು ತಿನ್ನುವುದು ಚಕ್ರ ಮತ್ತು ಶಾಕ್ ಅಬ್ಸಾರ್ಬರು, ಸವಾರನ ಬೆನ್ನಲ್ಲ. ಅಂದರೆ ನಮ್ಮ ಎರಡಡಿಯ ಹಂಪುಗಳು ಇಷ್ಟು ವರ್ಷ ಮಾಡುತ್ತ ಬಂದಿರುವುದೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾವನ ಮನೆಯ ಜೀಪು ತಂದು ಹಾರಿಸುವ ಹುಡುಗ ಸುಖವಾಗಿದ್ದಾನೆ. ಸೊಂಟನೋವಿನ ನಿವೃತ್ತ ಮೇಷ್ಟ್ರು ಹಲ್ಲು ಕಚ್ಚಿ ಹತ್ತಿಳಿಯುತ್ತಿದ್ದಾರೆ.

ಮೊದಲೆಲ್ಲ ಕಾರು ಕೊಳ್ಳುವಾಗ ಮೈಲೇಜು ಎಷ್ಟು ಎಂದು ಕೇಳುತ್ತಿದ್ದರು. ಈಗಿನ ಮೊದಲ ಪ್ರಶ್ನೆ ಗ್ರೌಂಡ್ ಕ್ಲಿಯರೆನ್ಸ್. ಶೋರೂಮಿನ ಹುಡುಗ ಹೆಮ್ಮೆಯಿಂದ 170 ಮಿಲಿಮೀಟರ್ ಎನ್ನುತ್ತಾನೆ. ಅದು ಖಾಲಿ ಕಾರಿನ ಲೆಕ್ಕವೆಂದು ಅವನು ಹೇಳುವುದಿಲ್ಲ, ಖಾಲಿ ಕಾರಿನಲ್ಲಿ ಕನ್ನಡಿಗರು ಎಲ್ಲಿಗೂ ಹೋಗುವುದಿಲ್ಲವೆಂದು ಅವನಿಗೆ ತಿಳಿದಿಲ್ಲ. ಒಮ್ಮೆ ಮದುವೆ ಮುಗಿಸಿ ಬರುವಾಗ ಹಿಂದಿನ ಸೀಟಿನಲ್ಲಿ ನನ್ನ ದೊಡ್ಡಮ್ಮ, ಚಿಕ್ಕಮ್ಮ, ಅವರಿಬ್ಬರ ನಡುವೆ ನನ್ನ ಹೆಂಡತಿ. ಡಿಕ್ಕಿಯಲ್ಲಿ ತಾಂಬೂಲದ ತೆಂಗಿನಕಾಯಿಗಳು. ದೇವಸ್ಥಾನದ ಹಂಪಿನ ಮೇಲೆ ಕಾರಿನ ಹೊಟ್ಟೆ ಊರಿ ಕರ್‍ರೆಂದಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ವಿನಯದಿಂದ ಎಲ್ಲರನ್ನೂ ಇಳಿಯಲು ಕೇಳಿದೆ. ರೇಷ್ಮೆ ಸೀರೆಗಳು ಇಳಿದವು, ಕಾರು ಒಂಟಿಯಾಗಿ ದಾಟಿತು, ರೇಷ್ಮೆ ಸೀರೆಗಳು ಹತ್ತಿದವು. ಮೂವತ್ತು ಅಡಿಯಾಚೆ ಶಾಲೆಯ ಹಂಪು. ಮತ್ತೆ ಇಳಿದವು. ಮಾಜಿಯವರ ಹಂಪಿನ ಹತ್ತಿರ ದೊಡ್ಡಮ್ಮ ಹತ್ತಲೇ ಇಲ್ಲ.

“ನಡ್ಕೊಂಡೇ ಹೋಗೋದಾದ್ರೆ ಕಾರ್ ಯಾಕೋ ತಗೊಂಡೆ?” ಎಂದು ಕೇಳಿ, ಕಾರಿಗಿಂತ ಮೊದಲು ಮನೆ ಸೇರಿದರು.

ಆಟೋದವರ ಶಾಸ್ತ್ರವೇ ಬೇರೆ. ಅವರು ಹಂಪನ್ನು ನೇರವಾಗಿ ದಾಟುವುದಿಲ್ಲ. ಓರೆಯಾಗಿ ಹೋಗಿ, ಒಂದೊಂದು ಚಕ್ರಕ್ಕೂ ಬೇರೆ ಬೇರೆ ಮುಹೂರ್ತ ಕೊಡುತ್ತಾರೆ. ಕೂತವರು ಎಡಕ್ಕೂ ಬಲಕ್ಕೂ ವಾಲಿ ಎರಡೂ ಕಂಬಿಗಳಿಗೆ ತಲೆ ತಾಗಿಸಿಕೊಂಡು ಸಮತೋಲನ ಕಾಯ್ದುಕೊಳ್ಳಬೇಕು. ಬಸ್ಸಿನ ಕೊನೆಯ ಸಾಲಂತೂ ಕೇಳಲೇಬೇಡಿ. ಹಿಂದಿನ ಚಕ್ರದಾಚೆ ಚಾಚಿಕೊಂಡಿರುವ ಆ ಸೀಟು ಹಂಪಿನ ಮೇಲೆ ಏತದ ತುದಿಯಾಗುತ್ತದೆ. ಐದೂ ಜನ ಒಟ್ಟಿಗೆ ಮೇಲೇಳುತ್ತಾರೆ. ಜಾತಿ, ವಯಸ್ಸು, ಪಕ್ಷ ಏನೇ ಇರಲಿ, ಒಂದು ಕ್ಷಣ ಯಾರೂ ಸೀಟಿನ ಮೇಲೆ ಇರುವುದಿಲ್ಲ. ಊಟ ತಲುಪಿಸುವ ಹುಡುಗರ ಬೆನ್ನಿನ ಪೆಟ್ಟಿಗೆಯೊಳಗೆ ಸಾಂಬಾರು ಮತ್ತು ಚಟ್ನಿ ನಮ್ಮ ಬೀದಿಗೆ ಬರುವವರೆಗೆ ಬೇರೆ ಬೇರೆಯಾಗಿಯೇ ಇರುತ್ತವೆ. ಬೆನ್ನು ಹಿಡಿದುಕೊಂಡು ಹೋದರೆ ಮೂಳೆ ಡಾಕ್ಟರು, “ಹಂಪ್ ಇರೋ ಕಡೆ ಗಾಡಿ ಓಡಿಸಬೇಡಿ,” ಎನ್ನುತ್ತಾರೆ. ಅವರ ಕ್ಲಿನಿಕ್ಕಿನ ಮುಂದೆ ಎರಡಿವೆ.

ಇದೆಲ್ಲ ಪೇಟೆಯವರ ನಗೆ. ಹೆದ್ದಾರಿ ಪಕ್ಕದ ಹಳ್ಳಿಗಳ ಹಂಪಿನ ಬಗ್ಗೆ ಇದೇ ನಾಲಿಗೆಯಲ್ಲಿ ಮಾತಾಡಲು ನನಗೆ ಮನಸ್ಸಾಗುವುದಿಲ್ಲ. ಅಲ್ಲಿ ಒಂದು ಮಗು ಶಾಲೆಗೆ ಹೋಗುವಾಗ ಲಾರಿಗೆ ಸಿಕ್ಕಿರುತ್ತದೆ. ಊರವರು ರಸ್ತೆಗೆ ಅಡ್ಡ ಮರದ ದಿಮ್ಮಿ ಎಳೆದು ಕೂತಿರುತ್ತಾರೆ. ವರ್ಷಗಟ್ಟಲೆ ಅರ್ಜಿ ಕೊಟ್ಟರೂ ಬಾರದಿದ್ದ ಜಲ್ಲಿ ಅಂದು ಸಂಜೆಯೊಳಗೆ ಬರುತ್ತದೆ. ಆ ಹಂಪು ಅಳತೆಗಿಂತ ಎರಡು ಅಂಗುಲ ಎತ್ತರವಿದ್ದರೆ ಯಾವ ಟೇಪು ಹಿಡಿದು ಯಾರನ್ನು ಕೇಳುವುದು?

ಪೇಟೆಯಲ್ಲಿ ಹಂಪು ಮಾಯವಾಗುವ ಸಂದರ್ಭವೂ ಒಂದುಂಟು. ದೊಡ್ಡವರು ಯಾರಾದರೂ ಆ ದಾರಿಯಲ್ಲಿ ಬರುತ್ತಾರೆಂದರೆ ರಾತ್ರೋರಾತ್ರಿ ಯಂತ್ರ ಬಂದು ಕೆರೆದುಹಾಕುತ್ತದೆ. ನಮ್ಮ ಬೀದಿಗೆ ಯಾವ ದೊಡ್ಡವರೂ ಬರಲಿಲ್ಲ. ಚುನಾವಣೆ ಬಂತು, ಹೊಸ ಡಾಂಬರು ಬಂತು. ದೇವಸ್ಥಾನದ್ದು, ಶಾಲೆಯದು, ಮಾಜಿಯವರದು, ಉದ್ಭವದ್ದು ಎಂಬ ಭೇದವಿಲ್ಲದೆ ಎಲ್ಲವೂ ಹೋದವು. ರಸ್ತೆ ಕನ್ನಡಿಯಂತಾಯಿತು ಎನ್ನುತ್ತಾರಲ್ಲ, ಹಾಗಾಯಿತು. ನಾನು ಮೂರನೇ ಗೇರನ್ನು ಕಂಡೆ. ಬೈಕಿನ ಹುಡುಗರು ಐದನೆಯದನ್ನೂ ಕಂಡರು. ವಾರ ಕಳೆಯುವುದರೊಳಗೆ ಕ್ಷೇಮಾಭಿವೃದ್ಧಿ ಸಂಘದ ತುರ್ತು ಸಭೆ ಸೇರಿತು.

ಆ ಸಭೆಯಲ್ಲಿ ರಾಯರು ಮಾತಾಡಿದ್ದನ್ನು ನೀವು ಕೇಳಬೇಕಿತ್ತು. 17 ಮೀಟರ್ ತ್ರಿಜ್ಯದಿಂದ ಆರಂಭಿಸಿ ಕಾಂಪ್ಟನ್, ವಾಟ್ಸ್ ಮೂಲಕ ಹಾದು ಕಪ್ಪುಬಿಳಿ ಪಟ್ಟೆಯವರೆಗೆ ಹೇಳಿದರು. ಕೇಸರಿಬಾತು ತಣ್ಣಗಾಗುತ್ತಿದ್ದುದರಿಂದ ವಿರೋಧ ಹೆಚ್ಚು ಬರಲಿಲ್ಲ. ವೈಜ್ಞಾನಿಕವಾದ ಒಂದೇ ಒಂದು ಹಂಪು, ಬೀದಿಯ ನಟ್ಟನಡುವೆ, ಸಂಘದ ಖರ್ಚಿನಲ್ಲಿ ಎಂದು ತೀರ್ಮಾನವಾಯಿತು. ಅನುಮತಿ ಬಂತು, ಹೇಗೆ ಬಂತೆನ್ನುವುದನ್ನು ಅಧ್ಯಕ್ಷರೇ ಬಲ್ಲರು. ರಾಯರು ಬಡಗಿಯಿಂದ ಪ್ಲೈವುಡ್ಡಿನಲ್ಲಿ ಕಮಾನಿನ ಅಚ್ಚು ಕೊಯ್ಯಿಸಿದರು. ಮೇಸ್ತ್ರಿಯ ಹಿಂದೆ ಟೊಪ್ಪಿ ಹಾಕಿಕೊಂಡು ದಿನವಿಡೀ ನಿಂತು, ಮಿಲಿಮೀಟರ್ ಲೆಕ್ಕದಲ್ಲಿ ಅವನ ಪ್ರಾಣ ತಿಂದರು. 40 ಮೀಟರ್ ದೂರದಲ್ಲಿ ಎರಡೂ ಕಡೆ ಫಲಕ ನಿಂತಿತು. ಬಣ್ಣ ಒಣಗಿದ ಮೇಲೆ ನನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಲೋಟ ನೀರಿಟ್ಟುಕೊಂಡು ಪಕ್ಕದಲ್ಲಿ ಕೂತರು. “ಇಪ್ಪತ್ತೈದರಲ್ಲಿ ಹೋಗಿ,” ಎಂದರು. ಹೋದೆ. ಕಾರು ಒಮ್ಮೆ ಹಿರಿಯರಿಗೆ ಮಾಡುವಂಥ ನಮಸ್ಕಾರ ಮಾಡಿ ಮುಂದೆ ಹೋಯಿತು. ನೀರು ಅಲುಗಿತು, ಚೆಲ್ಲಲಿಲ್ಲ. “ಈಗ ನಲವತ್ತರಲ್ಲಿ!” ಎಂದರು. ಲೋಟ ನನ್ನ ತೊಡೆಯ ಮೇಲೆ ಬಿತ್ತು, ರಾಯರ ಟೊಪ್ಪಿ ಹಿಂದಿನ ಸೀಟಿಗೆ ಹೋಯಿತು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಮಗಳ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಬೈಕಿನ ಹುಡುಗರು ಒಂದೆರಡು ದಿನ ಹಾರಿ, ನಾಲಿಗೆ ಕಚ್ಚಿಕೊಂಡು, ತಾವಾಗಿಯೇ ನಿಧಾನಕ್ಕೆ ಬಂದರು. ಟ್ಯಾಂಕರು ಸದ್ದಿಲ್ಲದೆ ದಾಟಿತು. ದೇವರಮನೆಯ ಗಂಟೆ ಹೊತ್ತಿಗೆ ಸರಿಯಾಗಿ ಮಾತ್ರ ಬಾರಿಸಿತು. ಎಲ್ಲರೂ ಸುಖವಾಗಿರುತ್ತಾರೆಂದು ನಾನು ತಿಳಿದಿದ್ದೆ.

ಮೊದಲು ಬಂದವರು ಅದೇ ಹಾಲಿನ ಪ್ಯಾಕೆಟ್ಟಿನ ಗೃಹಿಣಿ. “ಏನ್ ಸಾರ್ ಇದು? ದುಡ್ಡು ಕೊಟ್ಟು ಹಾಕ್ಸಿದ್ವಿ, ಯಾರಿಗೂ ಏನೂ ಆಗ್ತಾನೇ ಇಲ್ಲ!”

“ಏನಾಗಬೇಕಿತ್ತಮ್ಮ?” ಎಂದರು ರಾಯರು.

“ಸ್ವಲ್ಪನಾದ್ರೂ ಆಗ್ಬೇಕಲ್ವಾ ಸಾರ್?”

“ನಿಧಾನ ಆಗಿದಾರಲ್ಲಮ್ಮ. ನಾನೇ ಗಡಿಯಾರ ಹಿಡಿದು ನೋಡಿದೀನಿ. ಇಪ್ಪತ್ತೈದು ದಾಟ್ತಿಲ್ಲ.”

“ನಿಧಾನ ಹೋಗ್ತಾರೆ, ಸರಿ. ಆದ್ರೆ ನಗ್ತಾ ಹೋಗ್ತಾರೆ!”

ರಾಯರಿಗೆ ಇದಕ್ಕೆ ಐಆರ್‌ಸಿಯಲ್ಲಿ ಉತ್ತರ ಸಿಗಲಿಲ್ಲ. ಎಳನೀರಿನವನು ವ್ಯಾಪಾರ ಬಿದ್ದುಹೋಯಿತೆಂದ. ದೇವಸ್ಥಾನದವರು, ಇದು ತಮ್ಮಿಂದ ದೂರವಾಯಿತೆಂದರು. ಶಾಲೆಯವರು, ಹಂಪು ಹತ್ತುವುದಕ್ಕೆ ಮೊದಲೇ ಮುಗಿದುಹೋಗುತ್ತದೆ, ಹೀಗಾದರೆ ಮಕ್ಕಳಿಗೆ ಶಿಸ್ತು ಹೇಗೆ ಬರುತ್ತದೆ ಎಂದರು. ನಮ್ಮ ಬೀದಿಗೆ ಬೇಕಾಗಿದ್ದದ್ದು ವಾಹನ ನಿಧಾನವಾಗುವುದಲ್ಲ. ಬಂದವನಿಗೆ ಒಂದು ಏಟು ಬೀಳಬೇಕು, ಅದರ ಸದ್ದು ಮನೆಯೊಳಗಿದ್ದವರಿಗೆ ಕೇಳಿಸಬೇಕು. ಇದು ನನಗೆ ಹೊಳೆಯುವ ಹೊತ್ತಿಗೆ ರಾಯರು ಮಗಳ ಮನೆಗೆಂದು ಶಿವಮೊಗ್ಗಕ್ಕೆ ಹೋಗಿದ್ದರು.

ಅವರು ತಿರುಗಿ ಬಂದ ದಿನ ಬಸ್ ನಿಲ್ದಾಣದಿಂದ ಆಟೋ ಹತ್ತಿ ಬಂದರಂತೆ. ಬೀದಿಯ ನಡುವೆ ಆಟೋ ಓರೆಯಾಯಿತು. ಎಡಗಡೆಯ ಕಂಬಿ, ಬಲಗಡೆಯ ಕಂಬಿ, ಎರಡೂ ತಲೆಗೆ ತಾಗಿದವು. ಇಳಿದು ನೋಡುತ್ತಾರೆ, ಅವರ ಹಂಪಿನ ನೆತ್ತಿಯ ಮೇಲೆ ಇನ್ನೊಂದು ಹಂಪು, ಎರಡೇ ಅಡಿ ಅಗಲದ್ದು, ಗಟ್ಟಿಮುಟ್ಟಾಗಿ ಕೂತಿದೆ. ಮೂಲೆಯ ಮನೆಯ ಮೋಲ್ಡಿಂಗಿನಲ್ಲಿ ಉಳಿದ ಕಾಂಕ್ರೀಟಂತೆ. ನೀರು ಚಿಮುಕಿಸುತ್ತ ನಿಂತಿದ್ದವನು ಅದೇ ಮೇಸ್ತ್ರಿ. ರಾಯರ ಮುಖ ನೋಡಿ ಅವನಿಗೂ ಕರುಳು ಚುರುಕ್ಕೆಂದಿರಬೇಕು. ಬಕೆಟ್ಟು ಕೆಳಗಿಟ್ಟು ಸಮಾಧಾನ ಹೇಳಿದ:

“ನಿಮ್ದೇನೂ ಕೆಡಿಸಿಲ್ಲ ಸಾರ್, ಅದು ಕೆಳಗೆ ಹಂಗೇ ಐತೆ. ಪಾಯ ಗಟ್ಟಿ ಇತ್ತು, ಮ್ಯಾಲೆ ಒಂದು ಫ್ಲೋರ್ ಏರಿಸಿದೀವಿ ಅಷ್ಟೇ.”